ಚಿಕ್ಕ ಟೂ ಸ್ಟ್ರೋಕ್ ಟ್ರೇಲ್ ಬೈಕ್: ಮನೆಯಲ್ಲೇ ನಿರ್ವಹಣೆ, ಮನೆಯಲ್ಲೇ ರಿಪೇರಿ

ಯಮಹಾ ಡಿಟಿ125, ಡಿಟಿ175, ಸುಜುಕಿ ಟಿಎಸ್125, ಟಿಎಸ್185, ಕವಾಸಾಕಿ ಕೆಇ100. ಹೆಸರು ಬೇರೆ ಬೇರೆ, ಒಳಗಿನ ಲೆಕ್ಕ ಒಂದೇ. ರಸ್ತೆಯಲ್ಲೂ ಓಡಬೇಕು, ಕಲ್ಲುಮಣ್ಣಿನ ದಾರಿಯಲ್ಲೂ ಓಡಬೇಕು, ತೂಕ ಕಡಿಮೆ ಇರಬೇಕು. ಇವುಗಳ ಎಂಜಿನ್‌ನಲ್ಲಿ ಮುಖ್ಯವಾಗಿ ಓಡಾಡುವ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಒಂದು ಸಣ್ಣ ಪೆಟ್ಟಿಗೆಯಷ್ಟು ಸ್ಪಾನರ್ ಇದ್ದರೆ ಅರ್ಧ ದಿನದಲ್ಲಿ ಸಿಲಿಂಡರ್ ಬಿಚ್ಚಿ ಮತ್ತೆ ಕೂರಿಸಬಹುದು.

ಆದರೆ ಇಷ್ಟು ಸುಲಭ ಅನ್ನುವುದೇ ಒಂದು ತೊಂದರೆ. ಬೈಕ್ ಸರಿಯಾಗಿ ಓಡದಿದ್ದ ಕೂಡಲೇ ಎಲ್ಲರ ಕೈ ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬೊರೇಟರ್ ಕಡೆ ಹೋಗುತ್ತದೆ. ಸ್ಕ್ರೂ ತಿರುಗಿಸುತ್ತಾರೆ, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಬದಲಿಸುತ್ತಾರೆ, ಸೂಜಿ ಎತ್ತುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ: ಎಂಜಿನ್ ಎಲ್ಲೂ ಗಾಳಿ ಸೋರುತ್ತಿಲ್ಲ ಎಂದು ಖಾತ್ರಿ ಆಗುವ ತನಕ ಜೆಟ್ ಮುಟ್ಟಬೇಡಿ. ಈ ಮಾರ್ಗದರ್ಶಿಯ ಕ್ರಮವೂ ಅದೇ. ಆಯಿಲ್, ಫಿಲ್ಟರ್, ಕಿಡಿ, ಸೋರಿಕೆ, ಅದಾದ ಮೇಲೆ ಕಾರ್ಬೊರೇಟರ್.

ಒಳಗೆ ಏನು ನಡೆಯುತ್ತದೆ

ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ನ ಕೆಳಗಿರುವ ಕ್ರ್ಯಾಂಕ್‌ಕೇಸ್ ಒಂದು ಪಂಪ್. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ನಿರ್ವಾತ ಆಗಿ, ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಆ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಪಕ್ಕದ ದಾರಿಗಳಾದ ಟ್ರಾನ್ಸ್‌ಫರ್ ಪೋರ್ಟ್‌ಗಳ ಮೂಲಕ ಸಿಲಿಂಡರಿಗೆ ಏರುತ್ತದೆ. ಹಾಗಾಗಿ ಕ್ರ್ಯಾಂಕ್‌ಕೇಸ್‌ನಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಬೇರಿಂಗ್, ಪಿಸ್ಟನ್, ರಿಂಗ್ ಎಲ್ಲಕ್ಕೂ ಬೇಕಾದ ಆಯಿಲ್ ಪೆಟ್ರೋಲ್ ಜೊತೆಗೇ ಬರಬೇಕು.

ಇದರಿಂದ ಎರಡು ಮಾತು ಹೊರಡುತ್ತವೆ. ಕ್ರ್ಯಾಂಕ್‌ಕೇಸ್‌ಗೆ ಬೇರೆ ಎಲ್ಲಿಂದಲಾದರೂ ಗಾಳಿ ನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಆಗುತ್ತದೆ, ಅಂದರೆ ಲೀನ್ ಆಗುತ್ತದೆ. ಪೆಟ್ರೋಲ್ ಕಡಿಮೆ ಆದರೆ ಬಿಸಿ ಜಾಸ್ತಿ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವ ಬೈಕಾದರೆ ಆಯಿಲ್ ಕೂಡ ಅಷ್ಟೇ ಕಡಿಮೆ. ಪಿಸ್ಟನ್ ಹಿಡಿದುಕೊಳ್ಳುವುದಕ್ಕೆ ಇನ್ನೇನು ಬೇಕು?

ಸಾಮಾನು

ಒಳ್ಳೆಯ ಸ್ಪಾನರ್ ಸೆಟ್, ಟಾರ್ಕ್ ರೆಂಚ್, ಫೀಲರ್ ಗೇಜ್, ಪ್ಲಗ್ ಸ್ಪಾನರ್, ಮ್ಯಾಗ್ನೆಟ್ (ಎಂಜಿನ್ ಪಕ್ಕದ, ಕಿಡಿಗೆ ವಿದ್ಯುತ್ ಕೊಡುವ ಚಕ್ರ) ಪುಲ್ಲರ್, ಕಂಪ್ರೆಶನ್ ಗೇಜ್. ಜಪಾನಿ ಬೈಕಿನ ಸ್ಕ್ರೂಗಳು ಮಾಮೂಲಿ ನಕ್ಷತ್ರ ಸ್ಕ್ರೂನಂತೆ ಕಂಡರೂ ಅವು ಜೆಐಎಸ್, ಅಂದರೆ ಜಪಾನಿ ಮಾನದಂಡದ ಮಾದರಿಯವು. ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ತಲೆ ಸವೆದು ಹೋಗುತ್ತದೆ. ಗಟ್ಟಿಯಾಗಿ ಕೂತ ಸ್ಕ್ರೂಗೆ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಬೇಕೇ ಬೇಕು. ಇಲ್ಲಿ ಹೇಳಿರುವ ಅಳತೆಗಳು ಅಂದಾಜು ತಿಳಿಯಲು. ಕೊನೆಯ ಮಾತು ಮ್ಯಾನುಯಲ್‌ದೇ.

ಆಯಿಲ್: ಎಷ್ಟು, ಯಾವುದು, ಹೇಗೆ

ಮೊದಲು ನಿಮ್ಮ ಬೈಕಿನಲ್ಲಿ ಆಯಿಲ್ ಪಂಪ್ ಇದೆಯಾ, ಇದ್ದರೆ ಕೆಲಸ ಮಾಡುತ್ತಿದೆಯಾ ಎಂದು ನೋಡಿ. ಯಮಹಾ 1964ರಲ್ಲಿ ಆಟೋಲ್ಯೂಬ್ ಎಂಬ ಪಂಪ್ ತಂದಿತು. ಸುಜುಕಿ, ಕವಾಸಾಕಿ ತಮ್ಮದೇ ವ್ಯವಸ್ಥೆ ತಂದವು. ಬೇರೆ ಟ್ಯಾಂಕಿನಲ್ಲಿ ಆಯಿಲ್ ಇರುತ್ತದೆ. ಎಂಜಿನ್ ವೇಗ ಮತ್ತು ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂಬುದನ್ನು ನೋಡಿಕೊಂಡು ಪಂಪ್ ಆಯಿಲ್ ಕಳಿಸುತ್ತದೆ. ಹಳೆಯ ಬೈಕ್ ಕೊಂಡಾಗ ಹಿಂದಿನವರು ಪಂಪ್ ತೆಗೆದುಹಾಕಿ ಆ ಜಾಗ ಮುಚ್ಚಿರಬಹುದು. ಆಯಿಲ್ ಟ್ಯಾಂಕ್ ಮಾತ್ರ ಸುಮ್ನೆ ಅಲ್ಲೇ ಇರುತ್ತದೆ. ಅದನ್ನು ನಂಬಿ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಉಳಿಯುವುದಿಲ್ಲ. ಪಂಪ್ ಕವರ್ ಬಿಚ್ಚಿ ಕಣ್ಣಾರೆ ನೋಡಿ.

ಪಂಪ್ ಇದ್ದರೆ ಮೂರು ಕೆಲಸ. ಆಯಿಲ್ ಟ್ಯಾಂಕಿನಿಂದ ಪಂಪ್‌ಗೆ ಬರುವ ಪೈಪಿನಲ್ಲಿ ಗಾಳಿಗುಳ್ಳೆ ಇರಬಾರದು. ಪಂಪ್ ಮೇಲಿನ ಬ್ಲೀಡ್ ಸ್ಕ್ರೂ ಬಿಚ್ಚಿ, ಗುಳ್ಳೆ ಬರುವುದು ನಿಂತು ಆಯಿಲ್ ಒಂದೇ ಸಮ ಹರಿಯುವ ತನಕ ಬಿಟ್ಟು ಮತ್ತೆ ಬಿಗಿಮಾಡಿ. ಆಮೇಲೆ ಕೇಬಲ್. ಪಂಪಿನ ರಾಟೆ ಮೇಲೆ ಒಂದು ಗುರುತು ಇರುತ್ತದೆ. ಆಕ್ಸಿಲರೇಟರ್ ಇಂತಿಷ್ಟು ತಿರುಗಿಸಿದಾಗ ಅದು ಎದುರಿನ ಗುರುತಿಗೆ ಹೊಂದಬೇಕು. ಎಷ್ಟು ತಿರುಗಿಸಿದಾಗ ಎಂಬುದು ಮಾಡೆಲ್ ಪ್ರಕಾರ ಬೇರೆ. ಕಾರ್ಬೊರೇಟರ್ ಕೇಬಲ್ ಬದಲಿಸಿದಾಗ, ಐಡ್ಲಿಂಗ್ ಹೆಚ್ಚುಕಡಿಮೆ ಮಾಡಿದಾಗ ಇದನ್ನೂ ನೋಡಬೇಕು. ಕೊನೆಯದಾಗಿ, ಪಂಪಿನಿಂದ ಎಂಜಿನ್‌ಗೆ ಹೋಗುವ ತೆಳು ಪೈಪು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ. ಪಂಪ್ ಮುಟ್ಟಿದ ಮೇಲೆ ಮೊದಲ ಟ್ಯಾಂಕ್ ಪೆಟ್ರೋಲಿಗೆ 50:1 ಲೆಕ್ಕದಲ್ಲಿ (50 ಪಾಲು ಪೆಟ್ರೋಲಿಗೆ 1 ಪಾಲು) ಆಯಿಲ್ ಬೆರೆಸಿಯೇ ಓಡಿಸಿ. ಪಂಪ್ ಕೆಲಸ ಮಾಡದಿದ್ದರೂ ಎಂಜಿನ್ ಬದುಕುತ್ತದೆ. ಆಯಿಲ್ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿಟ್ಟುಕೊಳ್ಳಿ. ಅದು ಇಳಿಯುತ್ತಿದ್ದರೆ ಪಂಪ್ ನಂಬಬಹುದು.

ಕೈಯಲ್ಲೇ ಬೆರೆಸುವವರಿಗೆ ಲೆಕ್ಕ ಹೀಗೆ. ಒಂದು ಲೀಟರ್ ಪೆಟ್ರೋಲಿಗೆ 50:1 ಅಂದರೆ 20 ಮಿ.ಲೀ., 40:1 ಅಂದರೆ 25 ಮಿ.ಲೀ., 32:1 ಅಂದರೆ ಸುಮಾರು 31 ಮಿ.ಲೀ. ಹಳೆಯ ಗಾಳಿ ತಂಪಿನ ಎಂಜಿನ್‌ಗೆ, ಕಲ್ಲುದಾರಿಯ ಓಟಕ್ಕೆ 32:1ರಿಂದ 40:1 ಒಳ್ಳೆಯದು. ಆಯಿಲ್ ಡಬ್ಬಿ ಮೇಲೆ ಜಪಾನಿನ ಗುಣಮಟ್ಟದ ಗುರುತಾದ ಜಾಸೊ ಎಫ್‌ಡಿ ಅಂತ ಇದೆಯಾ ನೋಡಿ. ಹೊಗೆ, ಮಸಿ ಎರಡೂ ಕಡಿಮೆ. ಕಾರಿನ ಎಂಜಿನ್ ಆಯಿಲ್ ಇಲ್ಲಿ ಆಗುವುದಿಲ್ಲ. ದೋಣಿಯ ಎಂಜಿನ್‌ಗೆಂದು ಬರುವ ಟಿಸಿ-ಡಬ್ಲ್ಯೂ3 ಆಯಿಲ್ ನೀರಿನಿಂದ ತಣ್ಣಗಿರುವ ಎಂಜಿನ್‌ಗೆ ಮಾಡಿದ್ದು. ಗಾಳಿ ತಂಪಿನ ಬೈಕಿಗೆ ಅದು ಬೇಡ.

ಇನ್ನೊಂದು ವಿಷಯ ತುಂಬ ಜನರಿಗೆ ಉಲ್ಟಾ ತಿಳಿದಿರುತ್ತದೆ. ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸಿದರೆ ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ) ಆಗುವುದಿಲ್ಲ, ಲೀನ್ ಆಗುತ್ತದೆ. ಜೆಟ್‌ನ ತೂತು ಅಷ್ಟೇ ದೊಡ್ಡದು. ಅದರಲ್ಲಿ ಆಯಿಲ್ ಜಾಗ ಹಿಡಿದಷ್ಟೂ ಪೆಟ್ರೋಲ್ ಕಡಿಮೆ ಆಗುತ್ತದೆ. ‘ಸೇಫ್ ಇರಲಿ’ ಎಂದು ಕಣ್ಣಳತೆಯಲ್ಲಿ ಸುರಿಯಬೇಡಿ. ಒಂದು ಲೆಕ್ಕ ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಏರ್ ಫಿಲ್ಟರ್

ಮಣ್ಣಿನ ದಾರಿಯಲ್ಲಿ ಓಡುವ ಬೈಕಿನಲ್ಲಿ ಎಂಜಿನ್‌ನ ಆಯುಷ್ಯ ಇದರ ಕೈಯಲ್ಲಿದೆ. ಹೆಚ್ಚಿನವುಗಳಲ್ಲಿ ಸ್ಪಂಜಿನ ಫಿಲ್ಟರ್ ಇರುತ್ತದೆ. ಧೂಳಿನಲ್ಲಿ ಓಡಿಸಿದ ಪ್ರತಿ ಸಲವೂ ತೆಗೆದು ನೋಡಿ.

ಸೀಮೆಎಣ್ಣೆಯಲ್ಲಿ ಅದ್ದಿ ಹಿಸುಕಿ. ಹಿಂಡಬೇಡಿ, ತಿರುಚಿದರೆ ಅಂಟು ಹಾಕಿದ ಜಾಗ ಬಿಡುತ್ತದೆ. ಆಮೇಲೆ ಸೋಪಿನ ಬಿಸಿನೀರು, ಮತ್ತೆ ಬರೀ ನೀರು. ಪೆಟ್ರೋಲ್ ಬಳಸಬೇಡಿ. ಬೆಂಕಿಯ ಭಯ ಒಂದು ಕಡೆ, ಸ್ಪಂಜು ಕರಗುವುದು ಇನ್ನೊಂದು ಕಡೆ. ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಚ್ಚಿ, ಎಲ್ಲ ಕಡೆ ಒಂದೇ ಬಣ್ಣ ಬರುವಂತೆ ಹಿಸುಕಿ, ಹೆಚ್ಚಾದದ್ದನ್ನು ಒತ್ತಿ ತೆಗೆಯಿರಿ. ಆಯಿಲ್ ಇಲ್ಲದ ಒಣ ಸ್ಪಂಜು ಸಣ್ಣ ಧೂಳನ್ನು ತಡೆಯುವುದಿಲ್ಲ. ಫಿಲ್ಟರ್ ಕೂರುವ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಏರ್ ಬಾಕ್ಸ್‌ನಿಂದ ಕಾರ್ಬೊರೇಟರ್‌ಗೆ ಬರುವ ರಬ್ಬರ್ ಕೊಳವೆಯ ಒಳಗೆ ಬೆರಳು ಹಾಕಿ ಸವರಿ. ಬೆರಳಿಗೆ ಧೂಳು ಬಂದರೆ ಫಿಲ್ಟರ್ ತನ್ನ ಕೆಲಸ ಮಾಡುತ್ತಿಲ್ಲ.

ಪ್ಲಗ್ ಮತ್ತು ಕಿಡಿ

ಇಂಥ ಬೈಕುಗಳಲ್ಲಿ ಎನ್‌ಜಿಕೆ ಬಿ8ಇಎಸ್ ಅಥವಾ ಅದರ ಆಸುಪಾಸಿನ ಪ್ಲಗ್ ಸಾಮಾನ್ಯ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಹೆಡ್‌ಗೆ ದಾಟಿಸುತ್ತದೆ. ಪ್ಲಗ್‌ಗೆ ಆಗಾಗ ಮಸಿ ಕಟ್ಟುತ್ತದೆ ಎಂದು ಬಿಸಿ ಪ್ಲಗ್ ಹಾಕುವುದು ಸುಲಭದ ಉಪಾಯ, ಆದರೆ ಕೆಟ್ಟ ಉಪಾಯ. ಮಸಿಯ ಕಾರಣ ಬೇರೆ ಇರುತ್ತದೆ, ಬಿಸಿ ಪ್ಲಗ್ ಮಾತ್ರ ಪಿಸ್ಟನ್ ತಲೆಗೆ ತೂತು ಮಾಡಬಹುದು. ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಬಣ್ಣ ಕಂದು ಇದ್ದರೆ ಸರಿ. ಒದ್ದೆ ಕಪ್ಪು ಇದ್ದರೆ ರಿಚ್, ಇಲ್ಲವೇ ಕಿಡಿ ಸಾಲದು. ಬಿಳಿ ಬೂದಿ ಬಣ್ಣ ಅಥವಾ ತುದಿಯಲ್ಲಿ ಸಣ್ಣ ಮಣಿಗಳು ಕಂಡರೆ ಕೂಡಲೇ ಓಡಿಸುವುದು ನಿಲ್ಲಿಸಿ.

ಹಳೆಯ ಮಾಡೆಲ್‌ಗಳಲ್ಲಿ ಪಾಯಿಂಟ್, ಅಂದರೆ ಕಿಡಿಯ ಹೊತ್ತು ನಿರ್ಧರಿಸುವ ಸಣ್ಣ ಸ್ವಿಚ್ಚು, ಇರುತ್ತದೆ. ಗ್ಯಾಪ್ 0.3ರಿಂದ 0.4 ಮಿ.ಮೀ. ಪಾಯಿಂಟಿನ ಹಿಮ್ಮಡಿ ಸವೆದರೆ ಗ್ಯಾಪ್ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ಬೈಕ್ ಬಿಸಿಯಾಗುತ್ತದೆ, ಪಿಕಪ್ ಸಾಯುತ್ತದೆ. ಟೈಮಿಂಗ್ ಹೊಂದಿಸಲು ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ಪಿಸ್ಟನ್ ತೀರಾ ಮೇಲಿನ ತುದಿ ಮುಟ್ಟಲು ಎಷ್ಟು ಮಿ.ಮೀ. ಇರುವಾಗ ಕಿಡಿ ಬರುತ್ತದೆ ಎಂದು ಅಳೆಯಬೇಕು. ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಇರುವ ಬೈಕಿನಲ್ಲಿ ಈ ರಗಳೆ ಇಲ್ಲ. ಆದರೂ ಮ್ಯಾಗ್ನೆಟ್ಟನ್ನು ಅದರ ಜಾಗದಲ್ಲಿ ಹಿಡಿದಿಡುವ ವುಡ್‌ರಫ್ ಕೀ ಅರ್ಧ ಕತ್ತರಿಸಿದ್ದರೆ ಟೈಮಿಂಗ್ ತಪ್ಪುತ್ತದೆ, ಬೈಕ್ ಹಿಂದಕ್ಕೆ ಒದೆಯುತ್ತದೆ. ಮ್ಯಾಗ್ನೆಟ್ ತೆಗೆಯಲು ಅದರದೇ ಪುಲ್ಲರ್ ಬಳಸಿ. ಸುತ್ತಿಗೆ ಬೇಡ, ಅಂಚಿಗೆ ಕೊಕ್ಕೆ ಹಾಕಿ ಎಳೆಯುವ ಪುಲ್ಲರ್ ಕೂಡ ಬೇಡ.

ಬಿಸಿಯಾದ ಮೇಲೆ ನಿಂತುಹೋಗಿ, ತಣ್ಣಗಾದ ಮೇಲೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿದ್ದರೆ ಕಾಯಿಲ್, ಕಂಡೆನ್ಸರ್, ಸ್ಟೇಟರ್ ಮೇಲೆ ಅನುಮಾನ ಪಡಿ. ಬಿಸಿ ಇರುವಾಗಲೇ ಕಿಡಿ ಪರೀಕ್ಷಿಸಿ. ತಣ್ಣಗಿರುವಾಗ ನೋಡಿದರೆ ಎಲ್ಲವೂ ಸರಿ ಇದೆ ಅನ್ನಿಸುತ್ತದೆ.

ಗಾಳಿ ಸೋರಿಕೆ: ಇಲ್ಲಿ ಅವಸರ ಬೇಡ

ಲಕ್ಷಣಗಳು ಹೀಗಿರುತ್ತವೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಕೂಡಲೇ ಇಳಿಯುವುದಿಲ್ಲ. ಐಡ್ಲಿಂಗ್ ಒಂದೇ ಕಡೆ ನಿಲ್ಲುವುದಿಲ್ಲ, ಇವತ್ತು ಹೊಂದಿಸಿದರೆ ನಾಳೆ ಬೇರೆ. ಚೋಕ್ ಸ್ವಲ್ಪ ಎಳೆದರೆ ಚೆನ್ನಾಗಿ ಓಡುತ್ತದೆ. ಇವು ಕಂಡರೆ ಪ್ರೆಶರ್ ಟೆಸ್ಟ್ ಮಾಡಿ. ಕೇಳಲು ದೊಡ್ಡದು, ಮಾಡಲು ಸುಲಭ.

ಕಾರ್ಬೊರೇಟರ್ ಮತ್ತು ಸೈಲೆನ್ಸರ್ ಎರಡನ್ನೂ ಕಳಚಿ. ಎಕ್ಸಾಸ್ಟ್ ಪೋರ್ಟ್‌ಗೆ ಹಳೆ ಟ್ಯೂಬಿನ ರಬ್ಬರ್ ತುಂಡು ಇಟ್ಟು ಮೇಲೆ ಲೋಹದ ಪಟ್ಟಿಯಿಂದ ಬಿಗಿಯಿರಿ. ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬೊರೇಟರ್ ಕೂರುವ ಕೊಳವೆ) ಬಾಯಿಗೆ ಸರಿಯಾದ ಅಳತೆಯ ಬಿರಡೆ ಹಾಕಿ ಕ್ಲ್ಯಾಂಪ್ ಬಿಗಿಮಾಡಿ. ಮ್ಯಾನಿಫೋಲ್ಡ್‌ಗೆ ಆಯಿಲ್ ಪೈಪ್ ಬರುತ್ತಿದ್ದರೆ ಆ ತೂತೂ ಮುಚ್ಚಿರಲಿ. ಪಿಸ್ಟನ್ ಪೂರ್ತಿ ಕೆಳಗೆ ಇರಲಿ, ಆಗ ಟ್ರಾನ್ಸ್‌ಫರ್ ಪೋರ್ಟ್ ತೆರೆದಿದ್ದು ಸಿಲಿಂಡರ್, ಕ್ರ್ಯಾಂಕ್‌ಕೇಸ್ ಎರಡೂ ಒಂದೇ ಆಗುತ್ತವೆ. ಪ್ಲಗ್ ತೂತಿಗೆ ಒಂದು ಅಡಾಪ್ಟರ್ ಹಾಕಿ ಕೈಪಂಪಿನಿಂದ ಗಾಳಿ ತುಂಬಿ. 6 ಪಿಎಸ್‌ಐ ಸಾಕು. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ರಬ್ಬರ್ ಬುಂಡೆ ಮತ್ತು ಗೇಜ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 300ರ ಗುರುತು ಅಂದರೆ ಹತ್ತಿರಹತ್ತಿರ 6 ಪಿಎಸ್‌ಐ. ಟಯರ್‌ಗೆ ಗಾಳಿ ಹೊಡೆಯುವ ಕಂಪ್ರೆಸರ್ ಹಚ್ಚಿದರೆ ಆಯಿಲ್ ಸೀಲ್ ಹಾರಿಹೋಗುತ್ತದೆ.

ಮುಳ್ಳು ಹತ್ತಿರಹತ್ತಿರ ಅಲ್ಲೇ ನಿಲ್ಲಬೇಕು. ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚುತ್ತಾ ಹೋಗಿ. ಮೊದಲು ನೀವೇ ಹಾಕಿದ ಬಿರಡೆಗಳು, ಆಮೇಲೆ ಮ್ಯಾನಿಫೋಲ್ಡ್ ರಬ್ಬರ್, ರೀಡ್ ಬ್ಲಾಕ್ (ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ಎಲೆಗಳ ವಾಲ್ವ್) ಗ್ಯಾಸ್ಕೆಟ್, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಹೆಡ್, ಕೇಸಿನ ಎರಡು ಅರ್ಧಗಳು ಕೂಡುವ ಜಾಗ. ರಬ್ಬರ್ ಮ್ಯಾನಿಫೋಲ್ಡ್‌ನ್ನು ಬಗ್ಗಿಸಿ ನೋಡಿ, ನೇರ ಇದ್ದಾಗ ಬಿರುಕು ಕಾಣುವುದಿಲ್ಲ. ಮ್ಯಾಗ್ನೆಟ್ ತೆಗೆದು ಅದರ ಹಿಂದಿನ ಕ್ರ್ಯಾಂಕ್ ಸೀಲ್ ಸುತ್ತ ಸೋಪು ಹಚ್ಚಿ. ಇನ್ನೊಂದು ಕಡೆಯ ಸೀಲ್ ಕ್ಲಚ್ ಕವರ್ ಒಳಗೆ ಅಡಗಿದೆ. ಗೇರ್ ಆಯಿಲ್ ಹಾಕುವ ತೂತಿಗೆ ಸೋಪಿನ ಪೊರೆ ಕಟ್ಟಿ. ಅದು ಉಬ್ಬಿದರೆ ಆ ಸೀಲ್ ಹೋಗಿದೆ.

ಎರಡು ಸೀಲ್‌ಗಳ ಕಾಯಿಲೆ ಬೇರೆ ಬೇರೆ. ಮ್ಯಾಗ್ನೆಟ್ ಕಡೆಯದು ಹೋದರೆ ಗಾಳಿ ನುಗ್ಗಿ ಎಂಜಿನ್ ಲೀನ್ ಆಗುತ್ತದೆ. ಕ್ಲಚ್ ಕಡೆಯದು ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯಲು ಶುರುಮಾಡುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಪ್ಲಗ್ ಪದೇ ಪದೇ ಒದ್ದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಿರುತ್ತದೆ, ಹೊರಗೆ ಒಂದು ಹನಿಯೂ ಸೋರಿರುವುದಿಲ್ಲ. ರಿಂಗ್ ಹೋಗಿದೆ ಎಂದುಕೊಂಡು ಬೋರ್ ಮಾಡಿಸಿದವರು (ಸಿಲಿಂಡರ್ ಕೊರೆದು ಅಗಲ ಮಾಡಿಸಿದವರು) ಎಷ್ಟೋ ಜನ. ಕೆಲವು ಸೀಲ್‌ಗಳು ಒಳಗಿನ ಒತ್ತಡಕ್ಕೆ ತಡೆದು ನಿಂತು, ನಿರ್ವಾತಕ್ಕೆ ಸೋರುತ್ತವೆ. ಕೈಪಂಪಿನಿಂದ ನಿರ್ವಾತ ಮಾಡಿಯೂ ಒಮ್ಮೆ ನೋಡಿದರೆ ಅನುಮಾನ ಪೂರ್ತಿ ತೀರುತ್ತದೆ.

ಕಾರ್ಬೊರೇಟರ್

ಈಗ ಬನ್ನಿ. ಪೆಟ್ರೋಲ್ ಟ್ಯಾಂಕಿನ ನಲ್ಲಿ ಮುಚ್ಚಿ, ಕಾರ್ಬೊರೇಟರ್ ಕೆಳಗಿನ ಬಟ್ಟಲು (ಬೌಲ್) ಬಿಚ್ಚಿ. ಜೆಟ್‌ಗಳನ್ನು ಸರಿಯಾದ ಅಳತೆಯ ಸ್ಕ್ರೂಡ್ರೈವರ್‌ನಿಂದ ತೆಗೆದು ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ, ಸ್ವಚ್ಛವಾಗಿ ಕಾಣಬೇಕು. ತಂತಿ ಹಾಕಿ ಕೆರೆಯಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತದೆ. ಕಾರ್ಬ್ ಕ್ಲೀನರ್ ಮತ್ತು ಗಾಳಿ ಸಾಕು, ಕಣ್ಣಿಗೆ ಕನ್ನಡಕ ಇರಲಿ. ಎಲ್ಲಕ್ಕಿಂತ ಬೇಗ ಕಟ್ಟಿಕೊಳ್ಳುವುದು ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್. ಬೈಕ್ ಚೋಕ್‌ನಲ್ಲಿ ಮಾತ್ರ ಓಡುತ್ತದೆ, ಚೋಕ್ ತೆಗೆದರೆ ಸಾಯುತ್ತದೆ ಅಂದರೆ ಮೊದಲು ಅದನ್ನೇ ನೋಡಿ. ಫ್ಲೋಟ್ ಸೂಜಿಯ ರಬ್ಬರ್ ತುದಿಯಲ್ಲಿ ಉಂಗುರದಂಥ ಗೆರೆ ಬಿದ್ದಿದ್ದರೆ ಬದಲಿಸಿ, ಇಲ್ಲದಿದ್ದರೆ ಪೆಟ್ರೋಲ್ ಉಕ್ಕುತ್ತದೆ.

ಆಕ್ಸಿಲರೇಟರ್ ಎಷ್ಟು ತೆರೆದಾಗ ಯಾವ ಭಾಗ ಕೆಲಸ ಮಾಡುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಮುಚ್ಚಿದಲ್ಲಿಂದ ಎಂಟನೇ ಒಂದು ಭಾಗದ ತನಕ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದ ತನಕ ಆಕ್ಸಿಲರೇಟರ್ ಜೊತೆ ಮೇಲೇಳುವ ಸ್ಲೈಡ್‌ನ ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲು ತನಕ ಸೂಜಿ. ಅದರ ಮೇಲೆ ಮೇನ್ ಜೆಟ್. ಹಿಡಿಕೆಗೆ ಒಂದು ಟೇಪು ಸುತ್ತಿ ಈ ಗುರುತುಗಳನ್ನು ಹಾಕಿಕೊಳ್ಳಿ. ತೊಂದರೆ ಯಾವ ಗುರುತಿನಲ್ಲಿ ಬರುತ್ತದೋ ಆ ಭಾಗ ಮಾತ್ರ ಮುಟ್ಟಿ, ಒಂದು ಸಲಕ್ಕೆ ಒಂದೇ ಬದಲಾವಣೆ.

ಸ್ಲೈಡ್‌ಗಿಂತ ಏರ್ ಫಿಲ್ಟರ್ ಕಡೆ ಇರುವ ಸ್ಕ್ರೂ ಗಾಳಿಯದು, ಒಳಗೆ ತಿರುಗಿಸಿದರೆ ರಿಚ್. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲಿನದು, ಲೆಕ್ಕ ಉಲ್ಟಾ. ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ ತನ್ನಿ. ಎಂಜಿನ್ ಬಿಸಿಯಾದ ಮೇಲೆ ಅಲ್ಲಿಂದ ಆಚೀಚೆ ಮಾಡುತ್ತಾ, ವೇಗ ಅತಿ ಹೆಚ್ಚಾಗುವ ಜಾಗ ಹುಡುಕಿ. ಸೂಜಿಯ ಕ್ಲಿಪ್ ಒಂದು ತೋಡು ಮೇಲಕ್ಕೆ ಹಾಕಿದರೆ ಸೂಜಿ ಕೆಳಗಿಳಿದು ಲೀನ್ ಆಗುತ್ತದೆ. ಕ್ಲಿಪ್ ಕೆಳಕ್ಕೆ ಹಾಕಿದರೆ ರಿಚ್.

ಮೇನ್ ಜೆಟ್ ಪರೀಕ್ಷಿಸಲು ಹೊಸ ಪ್ಲಗ್ ಹಾಕಿ, ಖಾಲಿ ಏರುದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿ. ಆ ವೇಗದಲ್ಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಬ್ರೇಕ್ ಹಾಕಿ ನಿಲ್ಲಿಸಿ ಪ್ಲಗ್ ತೆಗೆದು ನೋಡಿ. ಐಡ್ಲಿಂಗ್‌ನಲ್ಲಿ ನಿಂತ ಬೈಕಿನ ಪ್ಲಗ್ ಬಣ್ಣ ಮೇನ್ ಜೆಟ್ ಬಗ್ಗೆ ಏನೂ ಹೇಳುವುದಿಲ್ಲ. ಯಾವಾಗಲೂ ದೊಡ್ಡ ಜೆಟ್‌ನಿಂದ ಶುರುಮಾಡಿ ಚಿಕ್ಕದಕ್ಕೆ ಬನ್ನಿ. ರಿಚ್ ಆದರೆ ಗೊರಗೊರ ಅಂತ ತಡವರಿಸುತ್ತದೆ ಅಷ್ಟೆ. ಲೀನ್ ಆದರೆ ಕೊನೆಯ ಕ್ಷಣದ ತನಕ ಚುರುಕಾಗಿ ಓಡಿ, ಆಮೇಲೆ ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ.

ಸೈಲೆನ್ಸರ್ ಮಸಿ

ಬೈಕ್ ಸ್ಟಾರ್ಟ್ ಆಗುತ್ತದೆ, ಮೇಲಿನ ವೇಗಕ್ಕೆ ಏರುವುದಿಲ್ಲ. ಜೆಟ್ ಎಲ್ಲ ಸರಿ ಇದೆ. ಆಗ ಮಸಿ ನೋಡಿ. ಎಕ್ಸಾಸ್ಟ್ ಪೋರ್ಟ್, ಸೈಲೆನ್ಸರ್ ತುದಿಯ ಬ್ಯಾಫಲ್ (ಸದ್ದು ತಗ್ಗಿಸುವ ಒಳಕೊಳವೆ), ಇವೆರಡು ಕಟ್ಟುತ್ತವೆ. ಪಿಸ್ಟನ್ ಮೇಲೆ ತಂದು ಪೋರ್ಟ್ ಮುಚ್ಚಿಸಿ, ಮರದ ಅಥವಾ ಮೆದು ಅಲ್ಯುಮಿನಿಯಂ ಚೂರಿನಿಂದ ಕೆರೆಯಿರಿ. ಕಬ್ಬಿಣದ ಸೈಲೆನ್ಸರ್ ಒಳಗಿನ ಮಸಿಗೆ ಕಾಸ್ಟಿಕ್ ಸೋಡಾ ನೀರು ಹಾಕಿ ರಾತ್ರಿಯಿಡೀ ಬಿಡಬಹುದು. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಕಡ್ಡಾಯ. ಅಲ್ಯುಮಿನಿಯಂ ಭಾಗಕ್ಕೆ ತಾಗಬಾರದು, ಲೋಹ ಕರಗಿ ಹೈಡ್ರೋಜನ್ ಬರುತ್ತದೆ.

ಟಾಪ್ ಎಂಡ್: ಹೆಡ್, ಸಿಲಿಂಡರ್, ಪಿಸ್ಟನ್

ಬಿಚ್ಚುವ ಮೊದಲು ಕಂಪ್ರೆಶನ್ ಅಳೆಯಿರಿ. ಆಕ್ಸಿಲರೇಟರ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆಯಿರಿ. 120 ಪಿಎಸ್‌ಐ ಮೇಲಿದ್ದರೆ ನಿಶ್ಚಿಂತೆ, 100ರ ಕೆಳಗೆ ಬಂದರೆ ಬಿಚ್ಚುವ ಹೊತ್ತು ಅಂತ ಒಂದು ಅಂದಾಜು. ಗೇಜಿನಿಂದ ಗೇಜಿಗೆ ಅಂಕಿ ಬದಲಾಗುತ್ತದೆ. ಅದಕ್ಕೇ ಒಂದೇ ಗೇಜಿನಲ್ಲಿ ಆಗಾಗ ಅಳೆದು ಬರೆದಿಡಿ. ಇಳಿಯುತ್ತಿರುವ ಗತಿ ಒಂದು ಅಂಕಿಗಿಂತ ಹೆಚ್ಚು ತಿಳಿಸುತ್ತದೆ.

ಹೆಡ್, ಸಿಲಿಂಡರ್ ತೆಗೆದ ಕೂಡಲೇ ಕ್ರ್ಯಾಂಕ್‌ಕೇಸ್ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ. ಒಂದು ಸರ್‌ಕ್ಲಿಪ್ (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ತಂತಿಯುಂಗುರ) ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಈಗ ಪಿಸ್ಟನ್ ನೋಡಿ, ಅದರ ಮೈಮೇಲೆ ಎಂಜಿನ್‌ನ ಚರಿತ್ರೆಯೇ ಇರುತ್ತದೆ. ಇನ್‌ಟೇಕ್ ಕಡೆಯ ಸ್ಕರ್ಟ್ ಮಂಕಾಗಿ ಸವೆದಿದ್ದರೆ ಧೂಳು ನುಗ್ಗಿದೆ, ಏರ್ ಫಿಲ್ಟರ್‌ಗೆ ವಾಪಸ್ ಹೋಗಿ. ಎಕ್ಸಾಸ್ಟ್ ಕಡೆ ಮಾತ್ರ ಗೀರಿದ್ದರೆ ಲೀನ್ ಆಗಿ ಬಿಸಿಯಾಗಿದೆ. ನಾಲ್ಕು ಮೂಲೆಯಲ್ಲಿ ಗೀರಿದ್ದರೆ ತಣ್ಣನೆಯ ಎಂಜಿನ್‌ನ್ನು ಜೋರಾಗಿ ಓಡಿಸಿದ್ದಾರೆ, ಇಲ್ಲವೇ ಬೋರ್ ತೀರಾ ಬಿಗಿ. ತಲೆಯ ಮೇಲೆ ಸಣ್ಣ ಸಣ್ಣ ಗುಳಿ ಇದ್ದರೆ ಡಿಟೊನೇಶನ್ (ಮಿಶ್ರಣ ತಾನಾಗಿ ಸಿಡಿಯುವುದು) ಆಗಿದೆ, ಟೈಮಿಂಗ್ ಮತ್ತು ಪೆಟ್ರೋಲ್ ಪರೀಕ್ಷಿಸಿ.

ರಿಂಗ್‌ನ್ನು ಪಿಸ್ಟನ್ ತಲೆಯಿಂದಲೇ ಸಿಲಿಂಡರಿನಲ್ಲಿ ನೇರಕ್ಕೆ ತಳ್ಳಿ, ತುದಿಗಳ ನಡುವಿನ ಗ್ಯಾಪ್ ಅಳೆಯಿರಿ. ಹೊಸದಾಗಿ 0.2ರಿಂದ 0.4 ಮಿ.ಮೀ. ಇರುತ್ತದೆ, 0.7 ದಾಟಿದರೆ ಬದಲಿಸಿ. ಪಿಸ್ಟನ್ ಮತ್ತು ಬೋರ್ ನಡುವಿನ ಸಡಿಲ ಕಬ್ಬಿಣದ ಲೈನರ್ ಇರುವ ಗಾಳಿ ತಂಪಿನ ಎಂಜಿನ್‌ನಲ್ಲಿ ಹೊಸದಿದ್ದಾಗ ಸುಮಾರು 0.04ರಿಂದ 0.06 ಮಿ.ಮೀ. ಜಾಸ್ತಿ ಆಗಿದ್ದರೆ ಬರೀ ರಿಂಗ್ ಹಾಕಿ ಪ್ರಯೋಜನವಿಲ್ಲ, ಬೋರ್ ಮಾಡಿಸಬೇಕು. ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಲಿ, ಆಮೇಲೆ ಸಿಲಿಂಡರ್ ಕಳಿಸಿ. ಆ ಪಿಸ್ಟನ್ ಅಳತೆಗೇ ಬೋರ್ ಆಗಬೇಕು. ವಾಪಸ್ ಬಂದಾಗ ಪೋರ್ಟ್‌ಗಳ ಅಂಚಿಗೆ ಬೆರಳು ಸವರಿ. ಚೂಪಾಗಿದ್ದರೆ ಚ್ಯಾಂಫರ್ ಮಾಡಿಲ್ಲ, ಅಂದರೆ ಅಂಚು ಉಜ್ಜಿ ಮೊಂಡು ಮಾಡಿಲ್ಲ. ಹಾಗೇ ಕೂರಿಸಿದರೆ ರಿಂಗ್ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ.

ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಒಂದಿಷ್ಟೂ ಆಟ ಇರಬಾರದು. ಅಡ್ಡಕ್ಕೆ ಸ್ವಲ್ಪ ಜಾರುವುದು ಸಹಜ. ಮೇಲೆ ಕೆಳಗೆ ಟಕ್ ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ, ಹೊಸ ಪಿಸ್ಟನ್ ಹಾಕಿ ಮುಚ್ಚುವುದು ದುಡ್ಡು ದಂಡ. ರೀಡ್ ವಾಲ್ವ್ ಇರುವ ಬೈಕಾದರೆ ಎಲೆಗಳ ತುದಿ ಒಡೆದಿದೆಯಾ, ಬೆಳಕು ನುಸುಳುವಷ್ಟು ಎದ್ದಿದೆಯಾ ನೋಡಿ.

ಜೋಡಿಸುವಾಗ ಕ್ರಮ ಮುಖ್ಯ:

1. ಹಳೆಯ ಗ್ಯಾಸ್ಕೆಟ್ ಪೂರ್ತಿ ತೆಗೆದು ಮೇಲ್ಮೈ ಒರೆಸಿ. ಹೊಸ ಬುಡದ ಗ್ಯಾಸ್ಕೆಟ್ ಕೂರಿಸಿ.
2. ಸ್ಮಾಲ್ ಎಂಡ್ ಬೇರಿಂಗ್‌ಗೆ ಟೂ ಸ್ಟ್ರೋಕ್ ಆಯಿಲ್ ಹಚ್ಚಿ ಪಿಸ್ಟನ್ ಹಾಕಿ. ತಲೆ ಮೇಲಿನ ಬಾಣ ಎಕ್ಸಾಸ್ಟ್ ಕಡೆ.
3. ಸರ್‌ಕ್ಲಿಪ್ ಯಾವಾಗಲೂ ಹೊಸದು. ಅದರ ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಇರಲಿ. ತೋಡಿನಲ್ಲಿ ಪೂರ್ತಿ ಕೂತಿದೆಯಾ ಎಂದು ತಿರುಗಿಸಿ ನೋಡಿ.
4. ಪ್ರತಿ ರಿಂಗ್‌ನ ಬಾಯಿ ತೋಡಿನೊಳಗಿನ ಪಿನ್‌ಗೆ ಸರಿಯಾಗಿ ಹೊಂದಿರಬೇಕು. ಅಕ್ಷರ ಇರುವ ಮುಖ ಮೇಲೆ.
5. ಬೋರ್‌ಗೆ ಆಯಿಲ್ ಸವರಿ, ರಿಂಗ್ ಬೆರಳಲ್ಲಿ ಒತ್ತಿ ಸಿಲಿಂಡರ್ ನೇರವಾಗಿ ಇಳಿಸಿ. ತಿರುಚಬೇಡಿ. ತಡೆದರೆ ಬಲ ಹಾಕದೆ ಎತ್ತಿ ಮತ್ತೆ ನೋಡಿ.
6. ಹೆಡ್ ನಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಹಂತದಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಮಾಡಿ.

ಮುಗಿದ ಮೇಲೆ ಮತ್ತೊಮ್ಮೆ ಪ್ರೆಶರ್ ಟೆಸ್ಟ್. ಸ್ಟಾರ್ಟ್ ಮಾಡಿ, ಸಿಲಿಂಡರ್ ಮುಟ್ಟಲಾಗದಷ್ಟು ಬಿಸಿಯಾದಾಗ ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಮೂರು ಸಲ. ತಣ್ಣಗಿರುವಾಗ ಹೆಡ್ ನಟ್ ಮತ್ತೆ ನೋಡಿ. ಮೊದಮೊದಲು ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಮೇಲಿನ ಗೇರಿನಲ್ಲಿ ಗುಕ್ಕುಗುಕ್ಕು ಎಳೆಸಲೂ ಬೇಡಿ.

ಓಡುವಾಗಲೇ ಸೀಜ್ ಆದರೆ

ಎಂಜಿನ್ ದನಿ ಗಟ್ಟಿಯಾಗಿ, ಬಲ ಇದ್ದಕ್ಕಿದ್ದಂತೆ ಇಳಿದರೆ ತಕ್ಷಣ ಕ್ಲಚ್ ಹಿಡಿಯಿರಿ. ಹಿಂದಿನ ಚಕ್ರ ನಿಂತು ಜಾರುವುದನ್ನು ತಡೆಯುವ ದಾರಿ ಅದೊಂದೇ. ತಣ್ಣಗಾದ ಮೇಲೆ ಕಿಕ್ಕರ್ ಇಳಿಯಬಹುದು, ಬೈಕ್ ಸ್ಟಾರ್ಟ್ ಕೂಡ ಆಗಬಹುದು. ಹಾಗೆಂದು ಮರೆಯಬೇಡಿ, ಬಿಚ್ಚಿ ನೋಡಲೇಬೇಕು.

ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವವರು ಉದ್ದದ ಇಳಿಜಾರಿನಲ್ಲಿ ಜಾಗ್ರತೆ. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುವುದು ತೀರಾ ಕಡಿಮೆ, ಆಯಿಲ್ ಕೂಡ ಅಷ್ಟೇ ಕಡಿಮೆ. ನಡುನಡುವೆ ಒಂದೊಂದು ಸಲ ಆಕ್ಸಿಲರೇಟರ್ ಕೊಡುತ್ತಿರಿ.

ಗೇರ್, ಚೈನ್, ಬ್ರೇಕ್, ಫೋರ್ಕ್

ಗೇರ್ ಬಾಕ್ಸ್ ಮತ್ತು ಕ್ಲಚ್‌ಗೆ ಬೇರೆ ಆಯಿಲ್. ಜಾಸೊ ಎಂಎ ಎಂದು ಬರೆದಿರುವ 10ಡಬ್ಲ್ಯೂ-40 ಬಹುತೇಕ ಬೈಕಿಗೆ ಸರಿ. ಘರ್ಷಣೆ ಕಡಿಮೆ ಮಾಡುವ ಕಾರ್ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ, ಕೂಡಲೇ ಬದಲಿಸಿ.

ಟ್ರೇಲ್ ಬೈಕಿನ ಚೈನನ್ನು ಬಿಗಿ ಮಾಡುವುದರಲ್ಲಿ ಎಲ್ಲರೂ ಎಡವುತ್ತಾರೆ. ಸಸ್ಪೆನ್ಶನ್ ಉದ್ದ ಇರುವುದರಿಂದ, ಹಿಂಚಕ್ರ ಮೇಲೆದ್ದಾಗ ಚೈನ್ ಎಳೆದುಕೊಳ್ಳುತ್ತದೆ. ಸ್ಟ್ಯಾಂಡಿನಲ್ಲಿ ನಿಂತಾಗ ಸರಿಯಾಗಿ ಕಂಡ ಚೈನ್ ಗುಂಡಿಯಲ್ಲಿ ಬಿಗಿಯಾಗಿ ಗೇರ್ ಬಾಕ್ಸಿನ ಬೇರಿಂಗ್ ತಿನ್ನುತ್ತದೆ. ಹಿಂದಿನ ಶಾಕ್ ಕಳಚಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವಂತೆ ಚಕ್ರ ಎತ್ತಿ. ಚೈನ್ ಅತಿ ಬಿಗಿ ಇರುವುದು ಅಲ್ಲೇ. ಅಲ್ಲಿ ಸ್ವಲ್ಪ ಸಡಿಲ ಇರುವಂತೆ ಹೊಂದಿಸಿ, ಶಾಕ್ ಹಾಕಿದ ಮೇಲೆ ಎಷ್ಟು ಜೋಲುತ್ತದೆ ಎಂದು ಅಳೆದು ಬರೆದಿಡಿ. ಮುಂದೆ ಆ ಅಳತೆ ಸಾಕು.

ಡ್ರಮ್ ಬ್ರೇಕಿನ ಶೂ 2 ಮಿ.ಮೀ.ಗೆ ಬಂದರೆ ಬದಲಿಸಿ. ಹಳೆಯ ಶೂಗಳಲ್ಲಿ ಕಲ್ನಾರು ಇರಬಹುದು, ಆ ಪುಡಿಯನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳ್ಳ ದಾಟಿದ ಮೇಲೆ ಬ್ರೇಕ್ ಹಗುರವಾಗಿ ಒತ್ತುತ್ತಾ ಸ್ವಲ್ಪ ದೂರ ಹೋದರೆ ಒಣಗುತ್ತದೆ.

ಫೋರ್ಕ್ ಆಯಿಲನ್ನು ಯಾರೂ ಬದಲಿಸುವುದಿಲ್ಲ, ಅಲ್ವಾ? ಒಮ್ಮೆ ಇಳಿಸಿ ನೋಡಿ, ಬರುವ ಬೂದು ನೀರೇ ಎಲ್ಲ ಹೇಳುತ್ತದೆ. ಸಾಮಾನ್ಯವಾಗಿ 10 ತೂಕದ ಆಯಿಲ್, ಎರಡೂ ಕಾಲಿಗೆ ಒಂದೇ ಮಟ್ಟ. ಸೀಲ್ ಸೋರಲು ಶುರುವಾದರೆ ಮೊದಲು ತೆಳು ಪ್ಲಾಸ್ಟಿಕ್ ಪಟ್ಟಿಯಿಂದ ಸೀಲಿನ ಅಂಚಿನ ಮಣ್ಣು ತೆಗೆಯಿರಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ನೀರಿನಲ್ಲಿ ಮುಳುಗಿದರೆ

ಕಿಕ್ ಹೊಡೆಯಬೇಡಿ. ಒಳಗೆ ನೀರಿದ್ದರೆ ಅದು ಒತ್ತಡಕ್ಕೆ ಕುಗ್ಗುವುದಿಲ್ಲ, ರಾಡ್ ಬಗ್ಗುತ್ತದೆ. ಪೆಟ್ರೋಲ್ ಮುಚ್ಚಿ, ಪ್ಲಗ್ ತೆಗೆಯಿರಿ. ಮುಂದಿನ ಚಕ್ರ ಎತ್ತಿ ಸೈಲೆನ್ಸರ್ ನೀರು ಹರಿಸಿ. ಫಿಲ್ಟರ್ ಹಿಂಡದೆ ಒತ್ತಿ, ಏರ್ ಬಾಕ್ಸ್ ಒರೆಸಿ, ಕಾರ್ಬೊರೇಟರ್ ಬೌಲ್ ಖಾಲಿ ಮಾಡಿ. ಪ್ಲಗ್ ತೂತಿನಿಂದ ಮುಖ ದೂರ ಇಟ್ಟು, ನೀರು ಚಿಮ್ಮುವುದು ನಿಲ್ಲುವ ತನಕ ಕಿಕ್ ಮಾಡಿ. ಒಣ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಮನೆಗೆ ಬಂದ ದಿನವೇ ಗೇರ್ ಆಯಿಲ್ ಬದಲಿಸಿ, ಮ್ಯಾಗ್ನೆಟ್ ಕವರ್ ತೆರೆದು ಒಣಗಿಸಿ.

ತಿಂಗಳುಗಟ್ಟಲೆ ನಿಲ್ಲಿಸುವಾಗ

ಕಾರ್ಬೊರೇಟರ್ ಬೌಲ್ ಖಾಲಿ ಮಾಡಿ, ಇಲ್ಲದಿದ್ದರೆ ಪೆಟ್ರೋಲ್ ಅಂಟಾಗಿ ಪೈಲಟ್ ಜೆಟ್ ಮುಚ್ಚುತ್ತದೆ. ಕಬ್ಬಿಣದ ಟ್ಯಾಂಕ್ ಅರ್ಧ ತುಂಬಿಡಬೇಡಿ. ಬಾಯಿ ತನಕ ತುಂಬಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಒಳಗೆ ಆಯಿಲ್ ಸವರಿ. ಪ್ಲಗ್ ತೂತಿನಲ್ಲಿ ಒಂದು ಚಮಚ ಟೂ ಸ್ಟ್ರೋಕ್ ಆಯಿಲ್ ಹಾಕಿ ನಿಧಾನಕ್ಕೆ ಎರಡು ಮೂರು ಕಿಕ್ ಕೊಡಿ. ಪಿಸ್ಟನ್ ಮೇಲೆ ಬಂದು ಕಿಕ್ಕರ್ ಬಿಗಿಯಾದ ಜಾಗದಲ್ಲಿ ಬಿಡಿ, ಪೋರ್ಟ್ ಮುಚ್ಚಿರುತ್ತದೆ. ಸೈಲೆನ್ಸರ್ ಬಾಯಿಗೆ ಬಟ್ಟೆ ಕಟ್ಟಿ, ಇಲಿ ಗೂಡು ಕಟ್ಟುವುದು ತಪ್ಪುತ್ತದೆ. ಅಲ್ಲಿ ಬಟ್ಟೆ ಇದೆ ಎಂದು ಕಾಗದದಲ್ಲಿ ಬರೆದು ಹ್ಯಾಂಡಲ್‌ಗೆ ಸಿಕ್ಕಿಸಿ.

ಮತ್ತೆ ಹೊರತೆಗೆಯುವಾಗ ಹೊಸ ಪೆಟ್ರೋಲ್, ಹೊಸ ಪ್ಲಗ್. ಆಯಿಲ್ ಪೈಪಿನಲ್ಲಿ ಗುಳ್ಳೆ ಇದೆಯಾ ನೋಡಿ, ಇದ್ದರೆ ಪಂಪ್ ಮತ್ತೆ ಬ್ಲೀಡ್ ಮಾಡಿ. ಸೀಲ್‌ಗಳು ನಿಂತಲ್ಲೇ ಒಣಗಿ ಗಟ್ಟಿಯಾಗುತ್ತವೆ. ವರ್ಷಗಟ್ಟಲೆ ನಿಂತ ಬೈಕಾದರೆ ಸ್ಟಾರ್ಟ್ ಮಾಡುವ ಮೊದಲೇ ಆ ರಬ್ಬರ್ ಬುಂಡೆ, ಗೇಜ್ ತೆಗೆದು 6 ಪಿಎಸ್‌ಐ ತುಂಬಿ ನೋಡಿ.